ಯಾರ ಕೈಯೂ ಸೋಕದ ಕುದ್ರು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಹಾಗಿರಲಿಲ್ಲ. ದಪ್ಪವಾಗಿ, ಹಳದಿಗಟ್ಟಿ, ತುದಿಯಲ್ಲಿ ಸ್ವಲ್ಪ ಬಾಗಿಕೊಂಡಿತ್ತು. ನಲವತ್ತು ವರ್ಷ ಮರುವಾಯಿ ಎಂಬ ಚಿಪ್ಪುಮೀನಿನ ಚಿಪ್ಪು ಬಿಡಿಸಿ ಬಿಡಿಸಿ ಹಾಗಾದ ಉಗುರು. ನಾವು ಕತ್ತಿ ಹಿಡಿದು ಒದ್ದಾಡುವ ಚಿಪ್ಪನ್ನು ಅವರು ಆ ಉಗುರಿನಿಂದ ಒಮ್ಮೆ ತಿರುವಿದರೆ ಸಾಕು, ಬಾಯಿ ಬಿಡುತ್ತಿತ್ತು. ಅದೇ ಉಗುರಿನಿಂದ ಹಲ್ಲಿನ ಸಂದಿಯ ಅಡಿಕೆಚೂರು ತೆಗೆಯುತ್ತ, ಎದುರು ನಿಂತವನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಮುಖವನ್ನು ಹೊಳೆಯ ಕಡೆ ತಿರುಗಿಸುತ್ತಿದ್ದರು. ಆ ನೋಟಕ್ಕೆ ಸಿಕ್ಕವರಿಗೆ ತಾವು ಮೂರು ಕಾಸಿಗೂ ಬಾಳುವವರಲ್ಲ ಎಂದು ಅಲ್ಲೇ ತಿಳಿಯುತ್ತಿತ್ತು. ನನಗೆ ಮಾತ್ರ ತಿಳಿಯಲು ಮೂರು ವರ್ಷ ಹಿಡಿಯಿತು.

ಊರಿನವರು ಅವರನ್ನು ದೋಣಿ ಅಕ್ಕ ಎನ್ನುತ್ತಿದ್ದರು. ಕುಂದಾಪುರದ ಹತ್ತಿರ, ಹೊಳೆ ಕಡಲಿಗೆ ಸೇರುವ ಕಡೆ ಒಂದು ಕುದ್ರು ಇದೆ. ಸುತ್ತ ನೀರು, ನಡುವೆ ಒಂದು ತುಂಡು ನೆಲ. ಪಶ್ಚಿಮಕ್ಕೆ ಕಡಲು, ಉದ್ದಕ್ಕೆ ಹಾಸಿದ ಮರಳು, ನಮ್ಮ ಕಡೆಯ ಮಾತಿನಲ್ಲಿ ಹೊಯಿಗೆ. ಪೂರ್ವಕ್ಕೆ ಮೊಣಕಾಲು ಮಟ್ಟದ ಕೆಸರು ನೀರು, ಅದರೊಳಗೆ ಮರುವಾಯಿ. ಮನೆಯಿಲ್ಲ, ಬಾವಿಯಿಲ್ಲ, ಲೈಟ್ ಕಂಬವಿಲ್ಲ. ನೀರು ಇಳಿದಾಗ ಅಕ್ಕ ಮತ್ತು ಹತ್ತಿರದ ಮನೆಗಳ ಹತ್ತು ಹನ್ನೆರಡು ಹೆಂಗಸರು ಅಲ್ಲಿ ಸೊಂಟ ಬಗ್ಗಿಸಿ ಮರುವಾಯಿ ಹೆಕ್ಕಿ ಸಂತೆಗೆ ಒಯ್ಯುತ್ತಿದ್ದರು. ಅಕ್ಕನ ಗಂಡ ಬೊಂಬಾಯಿಯ ಯಾವುದೋ ಹೋಟೆಲಿಗೆ ಹೋದವರು ತಿರುಗಿ ಬಂದಿರಲಿಲ್ಲ. ಅವರ ಸುದ್ದಿ ತೆಗೆದರೂ ಅಕ್ಕ ಹಾಗೆಯೇ ಮುಖ ತಿರುಗಿಸುತ್ತಿದ್ದರು.

ನಾನು ಬಸ್ರೂರಿನ ವ್ಯಾಪಾರಸ್ಥರ ಮನೆಯವನು. ತೊಂಬತ್ತೇಳರಲ್ಲಿ ಕುಂದಾಪುರದ ಕಾಲೇಜಿಗೆ ವಾಣಿಜ್ಯದ ಉಪನ್ಯಾಸಕನಾಗಿ ಸೇರಿದೆ. ಕಡಲಿಗೆ ಹತ್ತಿರವೇ ಬೆಳೆದೂ ಕಡಲನ್ನು ಕ್ಯಾಲೆಂಡರಿನಲ್ಲಿ ನೋಡಿ ಮೆಚ್ಚುವ ಜಾತಿಯವನು ನಾನು. ಕುದ್ರುವಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಾಗ ಅಕ್ಕ ದೋಣಿಯಿಂದ ನೀರು ಚೆಲ್ಲುತ್ತಿದ್ದರು.

"ಎಂತ ಕಾಂಬುಕೆ ಹೋಪುದ್ ಮಾಷ್ಟ್ರೆ?"

"ಬೀಚ್ ಕಾಂಬ ಅಂದೇಳಿ, ಅಕ್ಕ."

"ಹೊಯ್ಗಿ ಕಾಂಬುಕೆ ದೋಣಿ ಬೇಕಾ? ನಿಮ್ ಕಾಲೇಜ್ ಹಿಂದೆ ಒಂದ್ ಲೋಡ್ ಬಿದ್ಕಂಡಿತ್ತಲ್ದಾ."

ಆದರೂ ಕರೆದುಕೊಂಡು ಹೋದರು. ಇಳಿಯುವ ಮೊದಲು ಚಪ್ಪಲಿ ದೋಣಿಯಲ್ಲೇ ಬಿಡಿಸಿದರು. ಅದು ಅವರ ಕಾನೂನು. ಯಾರು ಬಂದರೂ ತಪ್ಪುತ್ತಿರಲಿಲ್ಲ. ಹೊಯಿಗೆಯ ಮೇಲೆಲ್ಲ ಅಡುಂಬು ಬಳ್ಳಿ ಹಬ್ಬಿತ್ತು, ಆಡಿನ ಗೊರಸಿನಂಥ ಎಲೆ, ನೇರಳೆ ಹೂ. "ಚಪ್ಲಿ ಹಾಕಂಡ್ರೆ ಬಳ್ಳಿ ಮೆಟ್ಟುದ್ ಗೊತ್ತಾತಿಲ್ಲೆ" ಎಂದು ಹೇಳಿ, ತಾವು ಒಂದೊಂದು ಬಳ್ಳಿಯನ್ನೂ ದಾಟಿ ದಾಟಿ ನಡೆದರು. ನನಗೆ ಅದನ್ನೆಲ್ಲ ಗಮನಿಸುವ ಪುರುಸೊತ್ತಿರಲಿಲ್ಲ. ಸೊಂಟಕ್ಕೆ ಕೈಯಿಟ್ಟು ಕಡಲು ನೋಡುತ್ತ, "ಎಷ್ಟ್ ಚಂದ ಇತ್ತ್ ಅಕ್ಕ. ಇಲ್ಲ್ ಯಾರೂ ಎಂತದೂ ಮಾಡ್ಲಿಲ್ಲೆ, ಅದೇ ಚಂದ" ಎಂದೆ. ಅವರು ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ಬಿಸಿಲಿಗೆ ಎಂದುಕೊಂಡೆ.

ಆಮೇಲೆ ಆಗಾಗ ಹೋಗುತ್ತಿದ್ದೆ. ದೂರದಿಂದ ಬರುವ ಮಂದಿಯನ್ನು ಅಕ್ಕ ನಡೆಸಿಕೊಳ್ಳುವ ರೀತಿ ನೋಡುವುದೇ ನನಗೊಂದು ಮೋಜು. ಒಮ್ಮೆ ಬೆಂಗಳೂರಿನ ಗಂಡ ಹೆಂಡತಿ ಒಂದು ಪ್ಲಾಸ್ಟಿಕ್ ಚೀಲ ತುಂಬ ಚಿಪ್ಪು ಹೆಕ್ಕಿಕೊಂಡು ದೋಣಿ ಹತ್ತಿದರು. ನಡು ಹೊಳೆಯಲ್ಲಿ ಅಕ್ಕ ಆ ಚೀಲವನ್ನು ಎತ್ತಿ ನೀರಿಗೆ ಸುರಿದರು. ಹೆಂಗಸು ಅಳುವ ಹಾಗಾದರು. "ಅದ್ರೊಳ್ಗೆ ಜೀವ ಇತ್ತ್. ನಿಮ್ಮ ಶೋಕೇಸಲ್ಲ್ ಸತ್ತ್ ನಾರುಕಾ?" ಎಂದು ಕೇಳಿ, ಖಾಲಿ ಚೀಲವನ್ನು ಮಡಚಿ ವಾಪಸು ಕೊಟ್ಟರು. ನಾನು ಜೋರಾಗಿ ನಕ್ಕೆ. ಆ ಜನರ ಸಾಲಿನಲ್ಲಿ ನಾನಿಲ್ಲ ಎಂಬ ಧೈರ್ಯ ನನಗೆ.

ಎರಡು ಸಾವಿರದ ಬೇಸಗೆಯಲ್ಲಿ ಕಾಲೇಜಿನ ಸೇವಾ ಶಿಬಿರದ ಹೊಣೆ ನನ್ನ ಹೆಗಲಿಗೆ ಬಿತ್ತು. ಯಾರೋ ದೊಡ್ಡ ಅಧಿಕಾರಿ ಕುದ್ರುವನ್ನು ನೋಡಲು ಬರುತ್ತಾರೆ, ಪ್ರವಾಸಿಗರಿಗೆ ತಕ್ಕ ಜಾಗ ಹೌದೋ ಅಲ್ಲವೋ ತೀರ್ಮಾನಿಸುತ್ತಾರೆ, ಅಷ್ಟರೊಳಗೆ ತೀರ ಸ್ವಚ್ಛವಾಗಬೇಕು ಎಂದರು ಪ್ರಾಂಶುಪಾಲರು. ನನ್ನ ತಲೆಯಲ್ಲಿದ್ದದ್ದು ಕ್ಯಾಲೆಂಡರಿನ ಗೋವಾ. ಬೋಳು, ಬಿಳಿ, ಒಂದು ಎಲೆಯೂ ಇಲ್ಲದ ಹೊಯಿಗೆ. ಐವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಳ್ಳಿ ಕೀಳಲು ಹೇಳಿದೆ. ಅವರನ್ನು ದಾಟಿಸಲು ಬಂದಿದ್ದ ಅಕ್ಕ ದೋಣಿಯಿಂದ ಇಳಿದು ನನ್ನ ಹತ್ತಿರ ಬಂದರು.

"ಮಾಷ್ಟ್ರೆ, ಬಳ್ಳಿ ಕೀಳ್ಬೇಡಿ. ಹೊಯ್ಗಿ ನಿತ್ಕಂಡದ್ದ್ ಅದ್ರಿಂದ."

"ಅಕ್ಕ, ಅದ್ ಕಳೆ. ನೀವ್ ನೆರಳಂಗೆ ಕೂಕಣಿ" ಎಂದೆ. ಪಾಪ, ಓದಿಲ್ಲದವರು ಎಂಬ ನಗುವನ್ನೂ ಮುಖದ ಮೇಲೆ ತಂದುಕೊಂಡಿದ್ದೆ. ಅವರು ಎರಡನೇ ಸಲ ಹೇಳಲಿಲ್ಲ. ಸಂಜೆ ಶಿಬಿರದ ವರದಿಯಲ್ಲಿ, ಸ್ಥಳೀಯರಿಗೆ ಸ್ವಚ್ಛತೆಯ ಅರಿವು ಕಡಿಮೆ ಎಂದು ನಾನೇ ನನ್ನ ಕೈಯಾರೆ ಬರೆದೆ.

ಎರಡು ದಿನಗಳಲ್ಲಿ ಕುದ್ರುವಿನ ಚರ್ಮ ಸುಲಿದದ್ದಾಯಿತು. ಅಧಿಕಾರಿ ಬಂದರು, ಕಾಲು ಗಂಟೆ ನಿಂತರು, ಎಳನೀರು ಕುಡಿದರು, ಶೂ ಒಳಗೆ ಹೊಯಿಗೆ ಹೋಯಿತೆಂದು ಗೊಣಗಿ ಹೊರಟರು. ಮತ್ತೆ ಅವರ ಪತ್ತೆಯಿಲ್ಲ. ನನಗೆ ಉತ್ತಮ ಶಿಬಿರಾಧಿಕಾರಿ ಎಂಬ ಪ್ರಮಾಣಪತ್ರ ಬಂತು. ಅದಕ್ಕೆ ಗಾಜು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದೆ. ಈಗ ನೆನೆದರೆ ಅದನ್ನು ತೂಗುಹಾಕಿದ ಮನುಷ್ಯನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸುತ್ತದೆ, ಅಧಿಕಾರಿಯ ಕೆನ್ನೆಗಲ್ಲ.

ಮಳೆಗಾಲ ಕಳೆದ ಮೇಲೆ ಅಕ್ಕ ಹೇಳಿ ಕಳಿಸಿದರು. ದೋಣಿ ಹತ್ತಿಸಿ ಕರೆದುಕೊಂಡು ಹೋದರು. ಕುದ್ರುವಿನ ಪಶ್ಚಿಮದಲ್ಲಿ ಹೊಯಿಗೆಯೇ ಇರಲಿಲ್ಲ. ಕಲ್ಲು, ಬೇರು, ಹರಕು ಬಲೆ. ಹಿಡಿದಿಡಲು ಬಳ್ಳಿಯಿಲ್ಲದ ಹೊಯಿಗೆಯನ್ನು ಆಷಾಢದ ತೆರೆಗಳು ಎತ್ತಿ ಕುದ್ರುವಿನ ಬೆನ್ನು ದಾಟಿಸಿ ಪೂರ್ವದ ಕೆಸರಿನ ಮೇಲೆ ಸುರಿದಿದ್ದವು. ಅಕ್ಕ ಅಲ್ಲಿ ಕುಕ್ಕರಗಾಲಲ್ಲಿ ಕೂತು ಮೊಣಕೈವರೆಗೆ ತೋಡಿದರು. ಒಂದು ಮರುವಾಯಿ ಸಿಕ್ಕಿತು. ಹೆಬ್ಬೆರಳಿನ ಉಗುರಿನಿಂದ ತಿರುವಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಒಳಗೆ ಬರೀ ಹೊಯಿಗೆ.

"ಕಾಣಿ" ಎಂದರು, ಅಷ್ಟೇ.

ಹೆಕ್ಕುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಗೇರುಬೀಜದ ಕಾರ್ಖಾನೆಗೆ ಸೇರಿದರು. ಬೀಜದ ಎಣ್ಣೆಗೆ ಅವರ ಬೆರಳುಗಳು ಸುಟ್ಟು ಕಪ್ಪಾದವು. ಅಕ್ಕ ಹೋಗಲಿಲ್ಲ, ಮೀನು ಮಾರ್ಕೆಟಿನಲ್ಲಿ ಕೂತು ಊರವರ ಮೀನು ಕೊಯ್ದು ಕೊಟ್ಟು ದಿನ ದೂಡಿದರು. ನಾನು ಅಲ್ಲಿಗೇ ಹೋಗಿ, "ತಪ್ಪಾಯ್ತ್ ಅಕ್ಕ" ಎಂದೆ.

"ತಪ್ಪಾಯ್ತ್ ಅಂದ್ರೆ ಬಳ್ಳಿ ಬತ್ತಾ? ಆಯ್ತಾರ ಬನ್ನಿ."

ಭಾನುವಾರ ಹೋದೆ. ಹತ್ತಿರದ ಕೋಡಿ ಎಂಬ ಊರಿನ ತೀರದಿಂದ ಅವರು ಅಡುಂಬು ಬಳ್ಳಿಯ ತುಂಡುಗಳನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ದೋಣಿಗೆ ಹಾಕಿದ್ದರು. ನಾನು ಉತ್ಸಾಹದಿಂದ ಒಂದು ಸಾಲು ಊರಿ ನಿಲ್ಲಿಸಿದೆ. ಅಕ್ಕ ಹಿಂದಿನಿಂದ ಬಂದು ಅಷ್ಟನ್ನೂ ಕಿತ್ತರು. "ಊದ್ಬತ್ತಿ ಅಲ್ಲ ಮಾಷ್ಟ್ರೆ ಕುತ್ತುಕೆ. ಮಲ್ಗ್ಸಿ. ಗಿಣ್ಣ್ ಹೊಯ್ಗಿ ಒಳ್ಗೆ ಹೋಯ್ಕ್." ಒಂದೊಂದು ಗಿಣ್ಣಿನಲ್ಲೂ ಬೇರು ಬರುತ್ತದೆಂದು ಎಂ.ಕಾಂ. ಓದಿದ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ವರ್ಷ ನೆಟ್ಟದ್ದು ಮುಕ್ಕಾಲು ಪಾಲು ಕೊಚ್ಚಿಕೊಂಡು ಹೋಯಿತು. ಎರಡನೇ ವರ್ಷ ಅರ್ಧ. ಪ್ರತಿ ಮಳೆಗಾಲ ಮುಗಿದ ಮೇಲೆ ನಾವು ಮತ್ತೆ ಮೊದಲಿನಿಂದ. ನಾನು ತಪ್ಪಿಸಿಕೊಂಡ ಭಾನುವಾರಗಳೂ ಇದ್ದವು. ಅವರು ಒಂದನ್ನೂ ತಪ್ಪಿಸಿಕೊಂಡವರಲ್ಲ. ಇಷ್ಟಾದರೂ ಅಕ್ಕ ನನ್ನನ್ನು ಕ್ಷಮಿಸಿದರು ಎಂದು ಯಾರೂ ತಿಳಿಯಬಾರದು. ಮೀನು ಮಾರ್ಕೆಟಿನಲ್ಲಿ ನಾನು ಕಂಡರೆ ಸಾಕು, "ಹ್ವಾಯ್, ಬಳ್ಳಿ ಕಿತ್ತ್ ಮಾಷ್ಟ್ರ್ ಬಂದ್ರ್, ಜಾಗ ಬಿಡಿ" ಎನ್ನುತ್ತಿದ್ದರು. ಜತೆಗಿದ್ದ ಸಹೋದ್ಯೋಗಿಗಳು ನಗುತ್ತಿದ್ದರು. ನನಗೆ ಇದ್ದ ಒಂದೇ ಬಿರುದು ಅದು, ಮತ್ತು ಸರಿಯಾದದ್ದೇ. ಗೋಡೆಯ ಮೇಲಿನ ಇನ್ನೊಂದನ್ನು ಗೆದ್ದಲು ತಿಂದುಹಾಕಿತು. ನಾನಾಗಿ ತೆಗೆಯುವಷ್ಟು ಮರ್ಯಾದೆ ನನಗಿರಲಿಲ್ಲ.

ಆರನೇ ವರ್ಷಕ್ಕೆ ಬಳ್ಳಿ ತಾನಾಗಿ ಹಬ್ಬತೊಡಗಿತು. ಅದರ ಹಿಂದೆ ಹೊಯಿಗೆ ಗುಡ್ಡೆ ಕಟ್ಟಿತು. ಪೂರ್ವದ ಬದಿಯಲ್ಲಿ ಹೊಳೆಯ ನೀರು ಮೆಲ್ಲಮೆಲ್ಲಗೆ ಹೊಯಿಗೆ ಎಳೆದುಕೊಂಡು ಹೋಗಿ ಕೆಸರು ಮತ್ತೆ ಕಾಣಿಸಿತು. ಅದಾದ ಮರು ವರ್ಷ, ನೀರಿಳಿದ ಒಂದು ಬೆಳಿಗ್ಗೆ ಅಕ್ಕ ಕೆಸರಿಗೆ ಕೈ ಹಾಕಿ ಒಂದು ಹಿಡಿ ಮೇಲಕ್ಕೆ ತಂದರು. ಹುಣಸೆಬೀಜದಷ್ಟು ದೊಡ್ಡ ಏಳೆಂಟು ಮರುವಾಯಿ. ಬಹಳ ಹೊತ್ತು ನೋಡಿದರು. ಆ ಉಗುರು ಯಾವುದನ್ನೂ ಮುಟ್ಟಲಿಲ್ಲ. ಅಷ್ಟನ್ನೂ ಮೆಲ್ಲಗೆ ನೀರಿಗೆ ಬಿಟ್ಟು, "ಇನ್ನೂ ಸಣ್ಣದ್. ಹೋಪ" ಎಂದರು. ನನಗೆ ಅಳು ಬಂತು. ಅವರು ಅದನ್ನು ನೋಡಿ ಮುಖ ಹೊಳೆಯ ಕಡೆ ತಿರುಗಿಸಿದರು.

ಐದಾರು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಜ್ವರ ಬಂದು ಅಕ್ಕ ತೀರಿಕೊಂಡರು. ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಮಂಗಳೂರಿನಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಅಂಗಳದಲ್ಲಿ ದೋಣಿಯನ್ನು ಕವುಚಿ ಹಾಕಿದ್ದರು. ಅವರ ತಂಗಿಯ ಮಗಳು, ಗೇರುಬೀಜದ ಕಾರ್ಖಾನೆ ಬಿಟ್ಟು ಮತ್ತೆ ಮರುವಾಯಿಗೆ ಬಂದವಳು, "ಬಳ್ಳಿ ಕಂಡ್ಕಣುಕ್ ಹೇಳ್ ಅಂದಿದ್ರ್, ಆ ಮಾಷ್ಟ್ರಿಗೆ" ಎಂದಳು. ಹೆಸರು ಹಿಡಿದು ಹೇಳಿರಲಿಲ್ಲ, ಒಳ್ಳೆಯ ಮಾತು ಒಂದನ್ನೂ ಸೇರಿಸಿರಲಿಲ್ಲ.

ಬಳ್ಳಿಯನ್ನು ನೋಡಿಕೊಳ್ಳುತ್ತಿದ್ದೇನೆ. ಭಾನುವಾರ ಈಗಲೂ ಹೋಗುತ್ತೇನೆ. ಈಗ ಮೊಬೈಲಿನಲ್ಲಿ ನೋಡಿಕೊಂಡು ಎಲ್ಲಿಂದಲೋ ಜನ ಬರುತ್ತಾರೆ. ಹೋದ ತಿಂಗಳು ಇಬ್ಬರು ಹುಡುಗಿಯರು ಬಂದಿದ್ದರು. ಈಗ ದೋಣಿ ನಡೆಸುವ ಅಕ್ಕನ ತಂಗಿಯ ಮಗಳು ಚಪ್ಪಲಿಯನ್ನು ದೋಣಿಯಲ್ಲಿ ಬಿಡಲು ಹೇಳಿದ್ದಕ್ಕೆ ಮುಖ ಕಿವುಚಿದರು. ಹೊಯಿಗೆಯ ಮೇಲೆ ನಿಂತು ಒಬ್ಬಳು, "ಎಷ್ಟು ನ್ಯಾಚುರಲ್ ಅಲ್ವಾ ಇಲ್ಲಿ. ಯಾರೂ ಏನೂ ಮಾಡಿಲ್ಲ, ಅದೇ ಚೆಂದ" ಎಂದಳು. ನಾನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಮುಖ ತಿರುಗಿಸುವಾಗ ಆ ಮಾತು ಯಾರದೆಂದು ನೆನಪಾಯಿತು.

ಅವಳು ಬಗ್ಗಿ, ಹೂವಿದ್ದ ಒಂದು ಬಳ್ಳಿಯನ್ನು ಮುಡಿಗೆಂದು ಹಿಡಿದೆಳೆದಳು.

"ಹ್ವಾಯ್, ಕೀಳ್ಬೇಡಿ" ಎಂದೆ. ನನಗೇ ಗುರುತಾಗದಷ್ಟು ಗಟ್ಟಿಯಾಗಿ ಬಂತು ಸ್ವರ.

ಹುಡುಗಿ ಬೆಚ್ಚಿ ಕೈಬಿಟ್ಟಳು. ನನ್ನ ಬಿಳಿ ಗಡ್ಡ, ಬರಿಗಾಲು, ಹೆಗಲ ಮೇಲಿನ ಒದ್ದೆ ಗೋಣಿ ನೋಡಿ, "ಸಾರಿ ಅಂಕಲ್. ಇದನ್ನ ನೀವು ನೆಟ್ಟಿದ್ದಾ?" ಎಂದು ಕೇಳಿದಳು.

"ಅಲ್ಲ" ಎಂದೆ. "ನಾನು ಕಿತ್ತವನು."