ಅಂಬವ್ವ ಓದಿದ ಕಂಪನಿ ಕಾಗದ

ಹಳೆಯ ದಫ್ತರಗಳ ಮೋಡಿ ಲಿಪಿಯನ್ನು ತಡವರಿಸದೆ ಓದಬಲ್ಲವರು ನನಗೆ ಗೊತ್ತಿರುವಂತೆ ಸುರಪುರದಲ್ಲಿ ಈಗ ಒಬ್ಬರೇ: ಶಾಲೆಯಲ್ಲಿ ಬಿಸಿಯೂಟ ಮಾಡುವ ಅಂಬವ್ವ. ಹೀಗೆಂದರೆ ಪದವಿ ಪಡೆದವರು ನಗುತ್ತಾರೆ. ನಗಲಿ, ಅವರಿಗೆ ಬರುವುದಾದರೂ ಏನು? ಆಕೆಯ ಅಪ್ಪ ಊರಿನ ಲೆಕ್ಕಪತ್ರ ನೋಡುವ ಪಟವಾರಿಯ ಹತ್ತಿರ ಕಾರಕೂನನಾಗಿದ್ದ. ಲಿಪಿಯ ಜೊತೆಗೆ ಒಂದು ಕಟ್ಟುನಿಟ್ಟನ್ನೂ ಮಗಳಿಗೆ ಕಲಿಸಿದ್ದ. ಹುಳು ತಿಂದ ಜಾಗ ಬಂದರೆ ಊಹಿಸಿ ಓದಬಾರದು, ‘ಇಲ್ಲಿ ತೂತು’ ಎಂದು ಹೇಳಿ ಮುಂದೆ ಹೋಗಬೇಕು.

ಆಕೆಯ ಮನೆಗೆ ಕಲಬುರಗಿಯ ಸಂಶೋಧಕ ಸಂಗಮನಾಥರನ್ನು ಕರೆದುಕೊಂಡು ಹೋದವನು ನಾನೇ, ಹಣಮೇಶ, ಗ್ರಂಥಾಲಯದ ನೌಕರ. ಅವರ ಬಳಿ ಮುನ್ನೂರು ವರ್ಷಗಳ ಹಿಂದಿನ ಕಾಗದಗಳ ಗಂಟಿತ್ತು. ಕರಾವಳಿಯ ಇಂಗ್ಲಿಷ್ ಕಂಪನಿಗೆ ಈ ಕಡೆಯ ಅರಿವೆ ಕೊಂಡು ಕಳಿಸುತ್ತಿದ್ದ ದಲ್ಲಾಳಿಯೊಬ್ಬನ ಪತ್ರಗಳು. ಎರಡು ಬೇಸಿಗೆ ಅಂಬವ್ವ ಓದಿದಳು, ಸಂಗಮನಾಥರು ಬರೆದುಕೊಂಡರು, ನಾನು ಪಕ್ಕದಲ್ಲಿ ಕೂತು ಚಹಾ ಕುಡಿದೆ.

ಒಂದು ಪತ್ರದಲ್ಲಿ, ಕಂಪನಿಗೆ ಬಟ್ಟೆ ಕೊಡುವುದಿಲ್ಲವೆಂದು ನೇಕಾರರು ಮಗ್ಗ ಬಿಚ್ಚಿಟ್ಟ ಸಂಗತಿಯಿತ್ತು. ಯಾವ ಊರಿನವರು ಎಂಬಲ್ಲಿ ಮಾತ್ರ ತೂತು.

“ಯಾವ ಊರು ಇದ್ದೀತವ್ವ?” ಸಂಗಮನಾಥರು ಬಿಡದೆ ಕೇಳಿದರು.

“ನಮ್ಮ ಸುರಪುರನ ಇರಬೋದು, ಯಾರಿಗ್ಗೊತ್ತರಿ!” ಅಂಬವ್ವ ನಕ್ಕಳು. “ಆದ್ರ ಹಂಗ ಬರೀಬ್ಯಾಡ್ರಿ. ತೂತು ಅಂತನ ಬರೀರಿ.”

“ಆತವ್ವ, ಹಂಗ ಬರೀತೀನಿ.”

ಹೋದ ತಿಂಗಳು ಪುಸ್ತಕ ಬಂತು. ‘ಕಂಪನಿಗೆ ಸೆಡ್ಡು ಹೊಡೆದ ಸುರಪುರದ ನೇಕಾರರು’ ಎಂದು ಒಂದು ಇಡೀ ಅಧ್ಯಾಯ. ಕೃತಜ್ಞತೆಯ ಪುಟದಲ್ಲಿ ಅಂಬವ್ವ ‘ಚಹಾ ಮಾಡಿಕೊಟ್ಟ ತಾಯಿ’. ಅದಕ್ಕೆ ಆಕೆ ನಕ್ಕುಬಿಟ್ಟಳು. ಊರಿನ ಹೆಸರು ಕಂಡ ಮೇಲೆ ನಗು ನಿಂತಿತು.

“ನಮ್ಮಪ್ಪ ಸಾಯೋತನಕ ಒಂದು ಅಕ್ಷರ ಸುಳ್ಳು ಓದಲಿಲ್ಲಣ್ಣ. ಇವರು ನನ್ನ ಬಾಯಿಲೆ ಸುಳ್ಳು ಓದಿಸ್ಯಾರ.”

ಊರಿಗೆ ಮಾತ್ರ ಎಲ್ಲಿಲ್ಲದ ಸಂಭ್ರಮ. ಬ್ಯಾನರು, ಹಾರ, ಸಂಗಮನಾಥರನ್ನು ಕರೆಸಿ ಸನ್ಮಾನ. ಸಹಕಾರ ಕೊಟ್ಟಿದ್ದಕ್ಕೆ ನನಗೂ ಒಂದು ಶಾಲು. ಸಭೆಯ ನಡುವೆ ಅಂಬವ್ವ ಎದ್ದು ನಿಂತಳು.

“ಸಾಹೇಬ್ರ, ಅಲ್ಲಿ ತೂತಿತ್ತಲ್ರಿ. ಕಾಗದ ತೋರಸ್ರಿ.”

“ಕಾಗದ ನಮ್ಮ ಮನ್ಯಾಗ ಅದವ್ವ. ನಿನಗ ನೆನಪು ಉಳಿದಿಲ್ಲ,” ಎಂದು ಸಂಗಮನಾಥರು ಮೈಕಿನಲ್ಲೇ ನಕ್ಕರು. ಜನರೂ ನಕ್ಕರು. “ಊರ ಮಾನ ಕಳಿಯಾಕ ಬಂದಾಳ!” ಎಂದು ಯಾರೋ ಕೂಗಿದರು.

ಆಕೆ ನನ್ನ ಕಡೆ ತಿರುಗಿದಳು. “ಹಣಮೇಶಣ್ಣ, ನೀ ಅಲ್ಲೇ ಕುಂತಿದ್ದೆಲ್ಲ. ಹೇಳು.”

ಹೇಳಿದ್ದರೆ ಜನ ನಾಲ್ಕು ದಿನ ಬೈಯುತ್ತಿದ್ದರು, ಅಷ್ಟೇ. ಅಷ್ಟಕ್ಕೇ ಹೆದರಿದೆ. ನಾಚಿಕೆಗೆಟ್ಟವನು ನಾನು.

“ನನಗೂ ಸರಿಯಾಗಿ ನೆನಪಿಲ್ಲವ್ವ,” ಎಂದೆ.

ಚಪ್ಪಾಳೆ ಬಿತ್ತು. ಅಂಬವ್ವ ಯಾರನ್ನೂ ಬೈಯದೆ ಹೊರಟುಹೋದಳು.

ಮರುದಿನ ತಪ್ಪಾಯಿತೆಂದು ಹೇಳಲು ಆಕೆಯ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು.

“ಅವರು ಹೊರಗಿನವರು, ಇವತ್ತಲ್ಲ ನಾಳೆ ಮರೀತೀನಿ. ನೀ ಬಾಜೂಕ ಕುಂತು ಕೇಳಿದಾಂವ. ಇನ್ನ ನಮ್ಮ ಮನಿಗೆ ಬರಬ್ಯಾಡ.”