ಕೇಳಿದ್ರೆ ಕೊಡ್ತಾರೆ

ಗಾಂಧಿ ಬಜಾರಿನಲ್ಲಿ ಈಗ ಹೂವಿನ ವಾಸನೆಗಿಂತ ಮೊದಲು ಡಬ್ಬಿಯ ಕೂಗು ಬರುತ್ತದೆ. ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದರೆ, ಬುಟ್ಟಿಯ ಪಕ್ಕ ಕೂತ ಪುಟ್ಟ ಡಬ್ಬಿ ‘ನಲವತ್ತು ರೂಪಾಯಿ ಬಂದಿದೆ’ ಅಂತ ಊರಿಗೆಲ್ಲ ಸಾರುತ್ತದೆ. ಮೊಮ್ಮಗಳು ಇದನ್ನು ಕಲಿಸಿಕೊಟ್ಟ ಹೊಸದರಲ್ಲಿ ನಾನು ಹಿಗ್ಗುತ್ತಿದ್ದೆ, ನೋಡಿ. ಒಂದು ಮೊಳ ಕಾಕಡ ಕೊಂಡವಳನ್ನು ಅಷ್ಟು ಜೋರಾಗಿ ಹಿಂದೆ ಯಾರು ಹೊಗಳಿದ್ದರು? ಒಮ್ಮೆ ಸೊನ್ನೆ ಹೆಚ್ಚಿಗೆ ಒತ್ತಿ ನಾನೂರು ಕಳಿಸಿದೆ. ಡಬ್ಬಿ ಅದನ್ನೂ ನಾಚಿಕೆಯಿಲ್ಲದೆ ಕೂಗಿತು.

ಹೂವಿನ ರತ್ನ ನನಗೆ ಅವಳ ಅತ್ತೆಯ ಕಾಲದಿಂದ ಪರಿಚಯ. ಅತ್ತೆ ಮನೆ ಬಾಗಿಲಿಗೇ ಬುಟ್ಟಿ ತರುತ್ತಿದ್ದಳು. ಮೊಳ ಹಾಕುವಾಗ ಕೈ ಮಡಚುತ್ತಾಳೆ ಎಂದು ನಾನು, ನಿಮ್ಮ ಕಣ್ಣೇ ಸರಿಯಿಲ್ಲ ಎಂದು ಅವಳು. ಆ ಜಗಳವಿಲ್ಲದೆ ನನಗೆ ಬೆಳಗಾಗುತ್ತಿರಲಿಲ್ಲ. ರತ್ನಳ ಕೈ ಉದ್ದ. ಜಗಳಕ್ಕೆ ಜಾಗವೇ ಇಲ್ಲ.

ಹೋದ ಶ್ರಾವಣದ ಒಂದು ಸಂಜೆ ಅವಳು ಬರಿಗಾಲಲ್ಲಿ ಕೂತಿದ್ದಳು. ಚಪ್ಪಲಿ ಕಿತ್ತು ಹೋಗಿತ್ತು. ಹೊಲಿಯುವವನು ರಸ್ತೆಯ ಆಚೆಗೇ ಇದ್ದ.

“ಹೊಲಿಸ್ಕೊಳ್ಳೇ, ಏನು ಮುಹೂರ್ತ ನೋಡ್ತಿದೀಯಾ?”

“ನಮ್ಮೋರು ಬರ್ಲಿ ಅಮ್ಮ. ಕೈಯಲ್ಲಿ ಕಾಸಿಲ್ಲ.”

“ಈ ಡಬ್ಬಿ ಬೆಳಗ್ಗಿಂದ ಬಾಯಿ ಬಡ್ಕೋತಿದೆಯಲ್ಲ!”

“ಅದೆಲ್ಲ ಅವರ ಫೋನಿಗೆ ಹೋಗತ್ತೆ. ಸ್ಕ್ಯಾನ್ ಮಾಡೋ ಬೋರ್ಡು ಅವರದು. ನೋಟು ಯಾರೂ ಕೊಡಲ್ಲ ಈಗ.” ಆಮೇಲೆ ಗಂಡನ ಪರವಾಗಿ ಸೇರಿಸಿದಳು, “ಕೆಟ್ಟೋರಲ್ಲಮ್ಮ. ಕೇಳಿದ್ರೆ ಕೊಡ್ತಾರೆ.”

ಆ ಮಾತು ನನಗೆ ಚೆನ್ನಾಗಿ ಗೊತ್ತು. ನಮ್ಮ ಯಜಮಾನರೂ ಕೆಟ್ಟವರಲ್ಲ. ಮಲ್ಲೇಶ್ವರದ ತಂಗಿಯ ಮನೆಗೆ ಹೋಗಲು ಬಸ್ಸಿನ ಕಾಸು ಕೇಳಿದರೆ ಕೊಡುತ್ತಿದ್ದರು. “ಮೊನ್ನೆ ತಾನೇ ಹೋಗಿದ್ಯಲ್ಲೇ” ಅನ್ನುತ್ತ ಕೊಡುತ್ತಿದ್ದರು. ಆ ಒಂದು ಮಾತಿನಿಂದ ತಪ್ಪಿಸಿಕೊಳ್ಳಲು ನಾನು ಬೇಳೆಯಲ್ಲಿ, ಸೊಪ್ಪಿನಲ್ಲಿ ಚಿಲ್ಲರೆ ಉಳಿಸಿ ಮೆಂತ್ಯದ ಡಬ್ಬದಲ್ಲಿ ಹೂಳುತ್ತಿದ್ದೆ. ನನ್ನ ನೋಟುಗಳೆಲ್ಲ ಮೆಂತ್ಯ ನಾರುತ್ತಿದ್ದವು. ಕಂಡಕ್ಟರು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ. ಆದರೂ ಅದು ನನ್ನ ದುಡ್ಡು. ಫೋನಿನೊಳಗಿನ ದುಡ್ಡಿನಲ್ಲಿ ಈ ಹುಡುಗಿ ಎಲ್ಲಿಂದ ಚಿಲ್ಲರೆ ಕದಿಯಬೇಕು?

“ಮೊಮ್ಮಗಳ ಹಳೇ ಫೋನ್ ಇದೆ, ಕೊಡ್ತೀನಿ. ನಿನ್ನ ಹೆಸರಲ್ಲೇ ಬೋರ್ಡು ಮಾಡಿಸ್ಕೊ” ಅಂದೆ.

“ಬೇಜಾರು ಮಾಡ್ಕೋತಾರಮ್ಮ.”

“ಮಾಡ್ಕೊಳ್ಳಲಿ. ಬೇಜಾರಿಗೆ ಯಾರೂ ಸತ್ತಿಲ್ಲ.”

ಅವಳು ತಲೆ ತಗ್ಗಿಸಿ ಹೂ ಕಟ್ಟಿದಳು. ಆಮೇಲೆ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ. ನಾನು ಫೋನು ಒಳಗಿಟ್ಟು ನೋಟೇ ಕೊಡುತ್ತಿದ್ದೆ, ಅವಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಬಾಯಿ ಹಾಕಬಾರದಿತ್ತೇನೋ ಅನ್ನಿಸಿತು. ನನಗೆ ಹಾಗನ್ನಿಸುವುದು ಅಪರೂಪ.

ಒಂದು ಬೆಳಿಗ್ಗೆ ನಮ್ಮ ಮನೆ ಗೇಟಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ಹೂವಿರಲಿಲ್ಲ, ತೊಳೆದ ಹಾಲಿನ ಕವರಿನಲ್ಲಿ ಪಾಸ್‌ಬುಕ್ಕಿತ್ತು. “ನಿಮ್ಮ ಮೊಮ್ಮಗಳು ಅಕ್ಕೋರು ಇದಾರಾ ಅಮ್ಮ, ಫೋನ್ ಹೇಳ್ಕೊಡೋಕೆ?”

ಅವಳ ಹೆಸರಿನ ಬೋರ್ಡು ಬಂದ ದಿನ ಗಂಡ ತನ್ನ ಗೂಡ್ಸ್ ಆಟೋ ನನ್ನ ಪಕ್ಕಕ್ಕೇ ತಂದು ನಿಲ್ಲಿಸಿದ.

“ಏನಜ್ಜಿ, ನಮ್ಮನೇಲಿ ಬೆಂಕಿ ಹಚ್ಬಿಟ್ರಲ್ಲ?”

“ಆಯ್ತಪ್ಪ. ನಿನ್ನ ಆಟೋ ಬಾಡಿಗೆ ಅವಳ ಫೋನಿಗೆ ಹಾಕಿಸ್ತೀಯಾ?”

“ಅದೆಂಗಾಯ್ತದೆ!” ಅಂದವನು, ಅಂದ ಮೇಲೆ ತಾನೇ ನಕ್ಕುಬಿಟ್ಟ. ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ. ಊಟ ಮಾತ್ರ ಬಿಡಲಿಲ್ಲವಂತೆ.

ನೆನ್ನೆ ರತ್ನ ಬುಟ್ಟಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ, ನನ್ನ ಕೈ ಹಿಡಿದು ಮೂಲೆಯ ಹೋಟೆಲಿಗೆ ಕರೆದುಕೊಂಡು ಹೋದಳು. ನಾನು ಪರ್ಸು ತೆಗೆದರೆ ತಳ್ಳಿದಳು. “ಇಟ್ಕೊಳ್ಳಿ ಒಳಗೆ.” ಯಾರಿಗೂ ಬಿಲ್ಲು ಕೊಡಲು ಬಿಡುವವಳಲ್ಲ ನಾನು. ನೆನ್ನೆ ಪರ್ಸು ಮುಚ್ಚಿ ಒಳಗಿಟ್ಟೆ.

“ಕಾಫಿ ಹೆಂಗಿದೆ ಅಮ್ಮ?”

“ನೀರು ನೀರು” ಅಂದೆ. ಸುಳ್ಳು ಯಾಕೆ ಹೇಳಲಿ?

“ಇನ್ನೊಂದು ಸ್ಟ್ರಾಂಗಾಗಿ ಹೇಳ್ಲಾ?”

“ಹೇಳು” ಅಂದೆ.