ಗಾಂಜಾ ಕುಂಡದಲ್ಲಿ ಪುಂಡಿ

ಶ್ರೀಕಂಠ ಅಂಕಲ್, ಎರಡು ಬೇಸಿಗೆಗಳ ಹಿಂದೆ ನೀವು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಎರಡು ಗಾಂಜಾ ಗಿಡಗಳಲ್ಲಿ ಒಂದು ಗಾಂಜಾ ಆಗಿರಲೇ ಇಲ್ಲ. ಅದು ಪುಂಡಿ. ನಮ್ಮ ರಾಯಚೂರಿನ ಕಡೆ ಜೋಳದ ರೊಟ್ಟಿಯ ಜೊತೆ ತಿನ್ನುವ, ಹುಳಿ ಹುಳಿ ಪುಂಡಿ ಸೊಪ್ಪು. ಅದನ್ನು ತಂದು ನಿಮ್ಮ ಕುಂಡದಲ್ಲಿ ನೆಟ್ಟವಳು ನಾನು. ಅದಕ್ಕೂ ಮೊದಲು ಆ ಕುಂಡದಲ್ಲಿದ್ದ ನಿಮ್ಮ ನಿಜವಾದ ಗಿಡವನ್ನು ಕೊಂದವಳೂ ನಾನೇ.

ಬರೆದುಬಿಟ್ಟೆ. ಇಷ್ಟು ಬರೆಯಲು ಎರಡು ವರ್ಷ ಹಿಡಿಯಿತು. ಇನ್ನು ಉಳಿದದ್ದು — ಉಳಿದದ್ದೇ ಜಾಸ್ತಿ ಇದೆ.

ಮೇರಿಲ್ಯಾಂಡಿನಲ್ಲಿ ಮನೆಗೆ ಎರಡು ಗಿಡ ಬೆಳೆಯಬಹುದು ಎಂದು ಕಾನೂನು ಬಂದಾಗ ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನೀವು. ಸಿಗರೇಟನ್ನೂ ಮುಟ್ಟದ, ಕಾಫಿಗೂ ಅರ್ಧ ಲೋಟವೆಂದು ಮಿತಿ ಹಾಕಿಕೊಂಡ, ಮೈಸೂರಿನಿಂದ ಬಂದು ಜೀವಮಾನವಿಡೀ ಮಕ್ಕಳ ಡಾಕ್ಟರಾಗಿದ್ದ ಮನುಷ್ಯ! ನಿಮಗೆ ಬೇಕಿದ್ದದ್ದು ನಶೆಯಲ್ಲ, ಬೀಜ. ಈ ದೇಶದಲ್ಲೇ ಹಳೆಯ ತಳಿಗಳನ್ನು ಕಾಪಾಡುತ್ತಿದ್ದ ಒಬ್ಬಾತನಿಂದ ಕೇರಳದ ಬೆಟ್ಟದ ತಳಿಯ ಬೀಜ ತರಿಸಿದ್ದಿರಿ. ಅದನ್ನು ನೀವು ನಾಟಿ ಬೀಜ ಎಂದಿರಿ, ನಾನು ಜವಾರಿ ಬೀಜ ಎಂದೆ, ಅದರ ಮೇಲೊಂದು ಅರ್ಧ ಗಂಟೆ ಜಗಳವಾಯಿತು. ಮೊದಲ ವರ್ಷ ಕೆಲವು ಬೀಜ ಮೊಳೆಯಲೇ ಇಲ್ಲ, ಮೊಳೆತವನ್ನು ಗೊಂಡೆಹುಳ ತಿಂದಿತು. ಅಷ್ಟರಲ್ಲಿ ಬೀಜ ಕೊಟ್ಟಾತ ಅಂಗಡಿಯನ್ನೇ ಮುಚ್ಚಿದ. ನಿಮ್ಮ ಹತ್ತಿರ ಉಳಿದದ್ದು ಎರಡೇ ಬೀಜ, ಎರಡೂ ಮೊಳೆತವು.

"ಈ ಗಿಡ ಹೂ ಬಿಡಕ್ಕೆ ಉದ್ದ ರಾತ್ರಿ ಬೇಕಮ್ಮ," ಎಂದು ಬೇಲಿಯಾಚೆಯಿಂದ ನನಗೆ ಪಾಠ ಮಾಡಿದ್ದಿರಿ. "ಇಲ್ಲಿ ರಾತ್ರಿ ಉದ್ದ ಆಗೋ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿ ಫ್ರಾಸ್ಟ್ ಬಂದು ಸುಟ್ಟು ಹಾಕತ್ತೆ. ಅದಕ್ಕೇ ನಾವು ಜುಲೈನಲ್ಲೇ ಸಾಯಂಕಾಲ ಕಪ್ಪು ಬಟ್ಟೆ ಹೊದಿಸಿ ಅದನ್ನ ಏಮಾರಿಸ್ಬೇಕು. ಬೇಗ ಹೂ ಬಿಟ್ಟಿದ್ರ ಬೀಜ ಇಟ್ಕೊಳೋದು, ಮುಂದಿನ ವರ್ಷ ಅದನ್ನೇ ಹಾಕೋದು. ನಾಲ್ಕೈದು ತಲೆಮಾರಿಗೆ ಇದು ಮೇರಿಲ್ಯಾಂಡ್ ಗಿಡ ಆಗ್ಬಿಡತ್ತೆ."

"ನೀವೇ ಬಂದು ಐವತ್ತು ವರ್ಷ ಆಯ್ತು, ಇನ್ನೂ ಒಗ್ಗಿಲ್ಲ. ಗಿಡ ಒಗ್ಗತ್ತಂತೆ!" ಎಂದರು ಒಳಗಿನಿಂದ ನಾಗರತ್ನ ಆಂಟಿ.

ನೀವು ನಕ್ಕಿರಿ. ಆದರೆ ನಾಲ್ಕೈದು ತಲೆಮಾರು ಎಂದರೆ ನಾಲ್ಕೈದು ವರ್ಷ, ಮತ್ತು ನಿಮಗೆ ಆಗಲೇ ಎಂಬತ್ತು ಸಮೀಪಿಸಿತ್ತು. ಬೀಜವಾಗಬೇಕಾದರೆ ಎರಡರಲ್ಲಿ ಒಂದು ಗಂಡು, ಒಂದು ಹೆಣ್ಣು ಆಗಿರಬೇಕು. ಇದು ನನಗೆ ಗೊತ್ತಿತ್ತು ಅಂಕಲ್. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ಜೂನ್‌ನಲ್ಲಿ ಮೊಮ್ಮಗಳ ಗ್ರಾಜುಯೇಶನ್ ಎಂದು ನೀವಿಬ್ಬರೂ ಅಟ್ಲಾಂಟಾಕ್ಕೆ ಹೊರಟಿರಿ. ಹಿತ್ತಲಿನ ಗೇಟಿನ ಕೀಲಿ ಕೊಟ್ಟು, ಕಾರು ಹತ್ತಿದವರು ಮತ್ತೆ ಇಳಿದು ಬಂದು ಹೇಳಿದಿರಿ: "ಸುವರ್ಣ, ನೀರು ಬಿಟ್ಟು ಇನ್ನೇನೂ ಹಾಕ್ಬೇಡಮ್ಮ."

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ — ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ ನನಗೆ ಅವಮಾನವಾದಂತೆ. ನನ್ನ ಕರಿಬೇವಿನ ಗಿಡ ಗೊತ್ತಲ್ಲ? ಈ ಚಳಿಯಲ್ಲೂ ಛಾವಣಿ ಮುಟ್ಟುವ ಕರಿಬೇವು ಬೇರೆ ಯಾರ ಮನೆಯಲ್ಲಿದೆ ಎಂದು ಯುಗಾದಿ ಪಾರ್ಟಿಯಲ್ಲಿ ಎಲ್ಲರೂ ಕೇಳುತ್ತಿದ್ದರು. ಅದರ ಗುಟ್ಟು ಹುಳಿ ಮಜ್ಜಿಗೆ. ಇಲ್ಲಿ ಕರಿಬೇವು ಸಾಕುವವರೆಲ್ಲ ಪಾಲಿಸುವ ವ್ರತ ಅದು. ನಿಮ್ಮ ಎರಡನೇ ಗಿಡ ಮೊದಲಿನದಕ್ಕಿಂತ ಒಂದು ಗೇಣು ಗಿಡ್ಡವಿತ್ತು. ಪಾಪ, ಎರಡು ದಿನ ಮಜ್ಜಿಗೆ ಕುಡಿಸಿದರೆ ಅಕ್ಕನ ಸಮ ಬರುತ್ತದೆ, ಅಂಕಲ್ ಬಂದು ಬೆರಗಾಗುತ್ತಾರೆ — ಹೀಗೆ ಯೋಚಿಸಿದೆ. ಎರಡು ದಿನ ನಾಲ್ಕು ದಿನವಾಯಿತು. ಅಷ್ಟೂ ದಿನ ನಾನು ಸುರಿದದ್ದು ಊಟಕ್ಕೆ ಮಾಡಿ ಮಿಕ್ಕಿದ ಮಜ್ಜಿಗೆ. ಅದರಲ್ಲಿ ಉಪ್ಪಿತ್ತು. ನಮ್ಮ ಕಡೆಯ ಕೈ ಉಪ್ಪು ಎಂದರೆ ಕೇಳಬೇಕೇ.

ಗಿಡ ಮೊದಲು ತಲೆ ಬಗ್ಗಿಸಿತು. ಆಮೇಲೆ ಎಲೆಯ ಅಂಚು ಸುಟ್ಟಿತು. ನೊಣ ಮುತ್ತಿದವು. ಹೊಸ ಮಣ್ಣು ಹಾಕಿದೆ, ಕೊಡೆ ಹಿಡಿದೆ, ಕೊನೆಗೆ ಮಂತ್ರಾಲಯಕ್ಕೆ ಹರಕೆಯನ್ನೂ ಹೊತ್ತೆ — ಗಾಂಜಾ ಗಿಡ ಬದುಕಲಿ ಎಂದು ರಾಯರಿಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು. ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಬರುವ ಹಿಂದಿನ ದಿನ ಗಿಡ ಸತ್ತೇಹೋಯಿತು.

ಆಗ ನಾನು ಫೋನ್ ಮಾಡಬೇಕಿತ್ತು. ಫೋನ್ ಕೈಯಲ್ಲೇ ಇತ್ತು. ಆದರೆ ಕಣ್ಣು ನನ್ನ ತರಕಾರಿ ಪಾತಿಯ ಕಡೆ ಹೋಯಿತು. ಅಲ್ಲಿ ಊರಿನ ಗೆಳತಿ ಕೊಟ್ಟ ಬೀಜದಿಂದ ಬಂದ ಬಿಳಿ ಪುಂಡಿ ಸಾಲಾಗಿ ನಿಂತಿತ್ತು, ಬೆರಳು ಬಿಡಿಸಿಕೊಂಡ ಎಲೆ, ಗರಗಸದಂಥ ಅಂಚು. ಪುಂಡಿಯ ಎಲೆ ನೋಡಿ ಪೊಲೀಸರೂ ಮೋಸಹೋಗಬಹುದು. ನಮ್ಮ ಕಡೆಯವರು ಮಾತ್ರ ಹೋಗುವುದಿಲ್ಲ. ನೀವು ಮೈಸೂರಿನವರು. ಜೀವನದಲ್ಲಿ ಒಂದು ದಿನವೂ ಪುಂಡಿ ಪಲ್ಯ ತಿಂದವರಲ್ಲ. ಮೇಲಾಗಿ ಕೋವಿಡ್ ಬಂದು ಹೋದಾಗಿನಿಂದ ನಿಮ್ಮ ಮೂಗಿಗೆ ವಾಸನೆಯೇ ಹತ್ತುತ್ತಿರಲಿಲ್ಲ. ಇದೆಲ್ಲವನ್ನೂ ನಾನು ಲೆಕ್ಕ ಹಾಕಿದೆ ಅಂಕಲ್. ಗಾಬರಿಯಲ್ಲಿ ಮಾಡಿದ್ದಲ್ಲ. ಕೂತು, ಯೋಚಿಸಿ, ಅದೇ ಎತ್ತರದ ಗಿಡ ಆರಿಸಿ, ಬೇರಿನ ಮಣ್ಣು ಉದುರದಂತೆ ಎತ್ತಿ ನೆಟ್ಟೆ.

ಮರುದಿನ ನೀವು ಚೀಲವನ್ನೂ ಇಳಿಸದೆ ನೇರ ಹಿತ್ತಲಿಗೆ ಬಂದಿರಿ.

"ಅರೆ! ಎರಡನೇದು ಎಷ್ಟು ಚೆನ್ನಾಗಿ ಬಂದ್ಬಿಟ್ಟಿದೆ! ಏನ್ ಹಾಕ್ದೆ?"

"ಏನೂ ಹಾಕಿಲ್ರೀ ಅಂಕಲ್. ಬರೇ ನೀರಷ್ಟ."

ಆ ಮಾತು. ಅದು ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ — ಇತ್ತು, ನಾನು ಹೋಗಲಿಲ್ಲ.

ಆ ಬೇಸಿಗೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ನಗಬಾರದು, ಆದರೂ ಬರುತ್ತದೆ. ಎಲಿಕಾಟ್ ಸಿಟಿಯಿಂದ ಬಂದ ನಿಮ್ಮ ಗೆಳೆಯರೊಬ್ಬರು ಪುಂಡಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಆಳವಾಗಿ ಮೂಗೆಳೆದು, "ಒರಿಜಿನಲ್ ಮಾಲು, ಡಾಕ್ಟರ್ರೇ!" ಎಂದು ಘೋಷಿಸಿದರು. ಎಲೆಗೆ ಐದೇ ಬೆರಳಿವೆಯಲ್ಲ ಎಂದು ಇನ್ಯಾರೋ ಕೇಳಿದ್ದಕ್ಕೆ, ನಾಟಿ ತಳಿಯ ಲಕ್ಷಣವೇ ಅದು ಎಂದು ನೀವು ಹತ್ತು ನಿಮಿಷ ವಿವರಿಸಿದಿರಿ. ಒಂದು ದಿನ ಧೈರ್ಯ ಮಾಡಿ ಒಂದೆಲೆ ಬಾಯಿಗೂ ಹಾಕಿಕೊಂಡಿರಿ.

"ಹುಳಿ ಇದೆ, ಸುವರ್ಣ! ಹುಳಿ! ಇದನ್ನ ಯಾರೂ ರಿಪೋರ್ಟೇ ಮಾಡಿಲ್ಲ!" ನಿಮ್ಮ ಕಣ್ಣು ಹೊಳೆಯುತ್ತಿತ್ತು. "ಒಂದೇ ಎಲೆಗೆ ತಲೆ ಹಗುರ ಆಗ್ಬಿಡ್ತು ನೋಡು."

ಆ ಮಧ್ಯಾಹ್ನ ನೀವು ಮೂರು ತಾಸು ಗೊರಕೆ ಹೊಡೆದಿರಿ. ಬರೀ ಪುಂಡಿ ಸೊಪ್ಪು ತಿಂದು! "ಹುಳಿ ಇದ್ರೆ ನಾಳೆ ಸಾರಿಗೆ ಹಾಕ್ತೀನಿ ಬಿಡಿ," ಎಂದರು ಆಂಟಿ. ಆಂಟಿಗಿದ್ದ ತಿಳಿವಳಿಕೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಇಲ್ಲಿಯವರೆಗೆ ಇದು ತಮಾಷೆಯೇ. ಹೇಳಿ ನಕ್ಕುಬಿಡಬಹುದಿತ್ತು. ಇನ್ನು ಮುಂದಿನದಕ್ಕೆ ನಗುವಿಲ್ಲ.

ಜುಲೈನಲ್ಲಿ ನೀವು ಪೈಪುಗಳ ಚೌಕಟ್ಟು ಕಟ್ಟಿ ಕಪ್ಪು ಬಟ್ಟೆ ಹೊದಿಸತೊಡಗಿದಿರಿ. ಸಂಜೆ ಹೊದಿಸುವುದು ನಿಮ್ಮ ಕೆಲಸ, ಬೆಳಿಗ್ಗೆ ನೀವು ವಾಕಿಂಗ್ ಹೋದಾಗ ತೆಗೆಯುವುದು ನನ್ನದು. ಆಗಸ್ಟಿನ ಒಂದು ಬೆಳಿಗ್ಗೆ ಬಟ್ಟೆ ಎತ್ತಿದೆ. ಪುಂಡಿ ಹೂ ಬಿಟ್ಟಿತ್ತು. ಅಂಗೈಯಗಲದ ಕೆನೆಬಣ್ಣದ ಹೂ, ನಡುವೆ ಕೆಂಪು ಕಪ್ಪು ಮಚ್ಚೆ. ಪುಂಡಿಗೂ ಉದ್ದ ರಾತ್ರಿಯೇ ಬೇಕು ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ದಾಸವಾಳದ ಜಾತಿಯ ಆ ಹೂವನ್ನು ನೋಡಿದರೆ ಮೈಸೂರಿನವರೇನು, ಹಾಲು ಕುಡಿಯುವ ಮಗುವೂ ಇದು ಗಾಂಜಾ ಅಲ್ಲ ಎಂದುಬಿಡುತ್ತಿತ್ತು. ನಾನು ಅದನ್ನು ಕಿತ್ತು ಸೆರಗಿಲ್ಲದ ನನ್ನ ಟೀ ಶರ್ಟಿನ ಮಡಿಲಲ್ಲಿ ಮುಚ್ಚಿಕೊಂಡು ಮನೆಗೆ ಓಡಿದೆ.

ಅಂದಿನಿಂದ ದಿನಾ ಅದೇ ಕೆಲಸ. ಅರಳಿದ್ದು, ಮೊಗ್ಗಾದದ್ದು, ಮೊಗ್ಗಾಗಲಿದ್ದದ್ದು — ಎಲ್ಲ ಚಿವುಟಿ ತಂದೆ. ಊರಲ್ಲಿ ಬೆಳಗಿನ ಜಾವ ಇನ್ನೊಬ್ಬರ ಕಾಂಪೌಂಡಿನ ಹೂ ಕಿತ್ತು ದೇವರಿಗೆ ಏರಿಸುವ ಅಜ್ಜಿಯಂದಿರಿರುತ್ತಾರಲ್ಲ, ನಾನೂ ಹಾಗೇ ಮಾಡಿದೆ. ನನ್ನ ದೇವರ ಮುಂದೆ ಆ ವರ್ಷ ಪುಂಡಿ ಹೂವಿನದೇ ಅಲಂಕಾರ. ದೇವರಿಗೆ ಗೊತ್ತಿತ್ತು. ನಿಮಗೆ ಗೊತ್ತಾಗಲಿಲ್ಲ.

ಅತ್ತ ಮೊದಲನೇ ಗಿಡ ಹೆಣ್ಣೆಂದು ಖಾತ್ರಿಯಾಯಿತು. ನೀವು ಕುಣಿದಾಡಿದಿರಿ. ಹಾಗಾದರೆ ಇನ್ನೊಂದು ಗಂಡೇ ಇರಬೇಕು ಎಂದುಕೊಂಡಿರಿ. ದಿನಾ ಭೂತಗನ್ನಡಿ ಹಿಡಿದು ಪುಂಡಿಯ ಮುಂದೆ ಸ್ಟೂಲ್ ಹಾಕಿ ಕೂತಿರಿ. "ಇನ್ನೂ ಮೊಗ್ಗಿಲ್ಲ," ಎಂದಿರಿ ಸೆಪ್ಟೆಂಬರಿನಲ್ಲಿ. "ಇನ್ನೂ ಇಲ್ಲ," ಎಂದಿರಿ ಅಕ್ಟೋಬರಿನಲ್ಲಿ. ನಾನು ಪಕ್ಕದಲ್ಲಿ ನಿಂತು, "ಬರ್ತದ ಬಿಡ್ರೀ ಅಂಕಲ್," ಎಂದೆ. ಹಾಗೆ ಎಂದದ್ದು ಯಾವ ಬಾಯಿಂದಲೋ.

ಫ್ರಾಸ್ಟ್ ಬಿತ್ತು. ಪುಂಡಿ ಒಂದೇ ರಾತ್ರಿಗೆ ಕಪ್ಪಾಯಿತು. ನೀವು ಎರಡನ್ನೂ ಕಡಿದಿರಿ, ಹೆಣ್ಣು ಗಿಡವನ್ನು ಶೆಡ್ಡಿನಲ್ಲಿ ತೂಗುಹಾಕಿ, ಕಪ್ಪು ಬಟ್ಟೆ ಮಡಿಸುತ್ತ ಹೇಳಿದಿರಿ:

"ಕೈಗುಣ ಹೋಯ್ತಮ್ಮ ನಂದು. ಸಾಕು."

ಈ ಕಡೆಯ ಹಳೆಯ ಕನ್ನಡದವರನ್ನು ಯಾರನ್ನೇ ಕೇಳಿದರೂ ನಿಮ್ಮ ಕೈಗುಣದ ಕಥೆ ಹೇಳುತ್ತಾರೆ. ಶ್ರೀಕಂಠ ಡಾಕ್ಟರು ಹಣೆ ಮುಟ್ಟಿದರೆ ಮಗುವಿನ ಜ್ವರ ಇಳಿಯುತ್ತಿತ್ತಂತೆ. ಅಂಥ ಕೈಯನ್ನು ನೀವು ತಿರುಗಿಸಿ ನೋಡಿಕೊಂಡಿರಿ. ನನ್ನ ಜೇಬಿನಲ್ಲಿ ಹಿಂದಿನ ದಿನ ಕಿತ್ತ ಪುಂಡಿ ಮೊಗ್ಗು ಇನ್ನೂ ಇತ್ತು.

ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಆ ಒಣಗಿದ ಹೆಣ್ಣು ಗಿಡವನ್ನು ಗೊಬ್ಬರದ ತೊಟ್ಟಿಗೆ ಹಾಕು ಎಂದು ನನ್ನ ಕೈಗೆ ಕೊಟ್ಟಿರಿ. ಹಾಕುವ ಮೊದಲು ತೆನೆಯನ್ನು ಉಜ್ಜಿದೆ. ಬೀಜ ಉದುರಿದವು — ಒಂದು ಚಿಟಿಕೆ, ಕಂದು ಬಣ್ಣದ, ಗಟ್ಟಿ ಬೀಜ. ಗಂಡಿಲ್ಲದೆ ಒಂಟಿಯಾದ ಹೆಣ್ಣು ಗಿಡ ಕಷ್ಟಕಾಲದಲ್ಲಿ ತಾನೇ ನಾಲ್ಕಾರು ಗಂಡು ಹೂ ಬಿಟ್ಟುಕೊಳ್ಳುತ್ತದೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಅದು ನಿಮ್ಮನ್ನು ಕೈಬಿಟ್ಟಿರಲಿಲ್ಲ.

ಆ ಬೀಜಗಳನ್ನು ಕುಂಕುಮದ ಖಾಲಿ ಭರಣಿಯಲ್ಲಿ ಹಾಕಿಟ್ಟೆ. ಕೊಟ್ಟರೆ ಪುಂಡಿಯೇ ಇವುಗಳ ಅಪ್ಪ ಎಂದು ನೀವು ನಂಬುತ್ತೀರಿ, ಸುಳ್ಳು ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ, ಅದಕ್ಕೇ ಕೊಡುತ್ತಿಲ್ಲ — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ನನಗೆ ಹೆದರಿಕೆಯಿತ್ತು, ಅಷ್ಟೇ. ಕಳೆದ ಬೇಸಿಗೆ ನಿಮ್ಮ ಹಿತ್ತಲು ಬರೀ ಹುಲ್ಲು. ಎಂಬತ್ತರ ಮನುಷ್ಯನ ಒಂದಿಡೀ ಬೇಸಿಗೆಯನ್ನು ನಾನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದೆ.

ಮೊನ್ನೆ ಆಂಟಿ ಬೇಲಿಯ ಹತ್ತಿರ ಬಂದು ಹೇಳಿದರು: "ನಮ್ಮನೆ ಕರಿಬೇವಿಗೆ ನೀರು ಹಾಕಿ ಅಂದ್ರೂ ಇವರು ಹಾಕಲ್ಲ ಕಣೆ. ನಾನು ಮುಟ್ಟಿದ್ರೆ ಒಣಗತ್ತೆ ಅಂತಾರೆ." ನಗುತ್ತಲೇ ಹೇಳಿದರು. ನಾನೂ ನಕ್ಕೆ. ಮನೆಯೊಳಗೆ ಬಂದ ಮೇಲೆ ಕೂರಲಾಗಲಿಲ್ಲ.

ಬಾಯಿ ತೊದಲದಿರಲಿ ಎಂದು ಇದನ್ನು ಬರೆದುಕೊಂಡೆ. ಭಾನುವಾರ ಬೆಳಿಗ್ಗೆ ಬಂದು ಬಾಯಲ್ಲೇ ಹೇಳುತ್ತೇನೆ. ಕುಂಕುಮದ ಭರಣಿ ತರುತ್ತೇನೆ; ಏಪ್ರಿಲ್ ಇನ್ನೂ ಮುಗಿದಿಲ್ಲ, ಬಿತ್ತಲು ಸಮಯವಿದೆ. ರೊಟ್ಟಿ, ಪುಂಡಿ ಪಲ್ಯವನ್ನೂ ತರುತ್ತೇನೆ, ತಿನ್ನುವುದೋ ತಲೆಯ ಮೇಲೆ ಸುರಿಯುವುದೋ ನಿಮ್ಮಿಷ್ಟ. ಗೇಟಿನ ಕೀಲಿಯನ್ನು ಮೇಜಿನ ಮೇಲೆ ಇಡುತ್ತೇನೆ, ನೀವಾಗಿ ಕೊಡದೆ ಮತ್ತೆ ಮುಟ್ಟುವುದಿಲ್ಲ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ನಿಮಗೆ ಗೊತ್ತಾಗಲೇಬೇಕಾದದ್ದೊಂದಿದೆ, ಅದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ:

ನಿಮ್ಮ ಲೆಕ್ಕ ತಪ್ಪಿರಲಿಲ್ಲ ಅಂಕಲ್. ನೀವು ಕತ್ತಲು ಹೊದಿಸಿದ ಎರಡನೇ ಗಿಡವೂ ಆಗಸ್ಟಿನಲ್ಲೇ ಹೂ ಬಿಟ್ಟಿತ್ತು, ಫ್ರಾಸ್ಟ್ ಬೀಳುವವರೆಗೂ ದಿನಾ ಬಿಟ್ಟಿತ್ತು. ನಾನೇ ಕಿತ್ತೆ.